ಬೇಲಿಯೊಳಗಿನ ಪ್ರೇಮಕತೆ: ಆಮಿಶ್ ಕಾದಂಬರಿಗಳನ್ನು ಅಮೆರಿಕದ ಹೆಂಗಸರು ಯಾಕೆ ಇಷ್ಟೊಂದು ಓದುತ್ತಾರೆ?

ಅಮೆರಿಕದಲ್ಲಿ ವಾಲ್‌ಮಾರ್ಟ್‌ನಂಥ ಅಂಗಡಿಯ ಪುಸ್ತಕದ ಸಾಲಿಗೆ ಹೋದರೆ ಒಂದೇ ಥರದ ಮುಖಪುಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತಲೆಗೆ ಬಿಳಿ ಬಟ್ಟೆಯ ಟೋಪಿ ಕಟ್ಟಿದ ಹುಡುಗಿ. ನೋಟ ಕೆಳಕ್ಕೆ, ಇಲ್ಲವೇ ದೂರಕ್ಕೆ. ಹಿಂದೆ ಹಸಿರು ಹೊಲ, ಮರದ ದೊಡ್ಡ ಕಣಜ, ಒಂದು ಕುದುರೆ ಗಾಡಿ. ಬರೆದವರು ಬೇರೆ, ಪ್ರಕಾಶಕರು ಬೇರೆ, ಚಿತ್ರ ಮಾತ್ರ ಹೆಚ್ಚುಕಮ್ಮಿ ಅದೇ. ಇವೇ ಆಮಿಶ್ ಕಾದಂಬರಿಗಳು, ಕಾರು, ಕರೆಂಟು ದೂರವಿಟ್ಟು ಹಳೆಯ ರೀತಿಯಲ್ಲಿ ಬಾಳುವ ಒಂದು ಕ್ರೈಸ್ತ ಪಂಗಡದ ಕತೆಗಳು. (ಶಿವನ ಕತೆ ಬರೆದ ನಮ್ಮ ಅಮೀಶ್ ತ್ರಿಪಾಠಿಗೂ ಇವಕ್ಕೂ ಏನೂ ಸಂಬಂಧವಿಲ್ಲ.)

ಇವನ್ನು ಹಿಡಿದವರು ಒಂದೆರಡು ಓದಿ ಬಿಡುವ ಪೈಕಿ ಅಲ್ಲ. ಒಂದು ಸರಣಿ ಮುಗಿದರೆ ಇನ್ನೊಂದು. ತಾಯಿ ಓದಿದ್ದು ಮಗಳಿಗೆ, ಮಗಳು ಓದಿದ್ದು ಚರ್ಚಿನ ಗೆಳತಿಗೆ ಹೋಗುತ್ತದೆ. ಓದುವವರಲ್ಲಿ ಹೆಚ್ಚಿನವರು ಆಮಿಶ್ ಜನ ಅಲ್ಲವೇ ಅಲ್ಲ. ಕಾರು ಓಡಿಸುವ, ಕೈಯಲ್ಲಿ ಫೋನು ಹಿಡಿದ, ಇವ್ಯಾಂಜೆಲಿಕಲ್ ಪಂಥದ ಪ್ರೊಟೆಸ್ಟೆಂಟ್ ಹೆಂಗಸರು. ಬರೆಯುವವರೂ ಬಹುಪಾಲು ಅವರೇ. ಕರೆಂಟಿಲ್ಲದ ಮನೆಯ ಕತೆ ಇವರಿಗೆ ಯಾಕಷ್ಟು ಬೇಕು?

ಹಳ್ಳಿ, ನೆಮ್ಮದಿ, ಹಳೆಯ ಕಾಲದ ಒಳ್ಳೆಯತನ ಅಂತ ಹೇಳಿ ಮುಗಿಸಿಬಿಡಬಹುದು. ತಪ್ಪೇನಲ್ಲ. ಆದರೆ ನೆಮ್ಮದಿಯನ್ನೇ ನಂಬಿಕೊಂಡು ಮುನ್ನೂರು ಪುಟದ ಕತೆ ಓಡುವುದಿಲ್ಲ. ನನಗೆ ಕಾಣುವಂತೆ ಈ ಕಾದಂಬರಿಗಳ ಎಂಜಿನ್ ಇರುವುದು ಆಮಿಶ್ ಜನರ ಕಟ್ಟುಪಾಡಿನಲ್ಲಿ. ಓದುಗರನ್ನು ಹಿಡಿದಿಡುವುದೂ ಅದೇ. ಇದು ಅರ್ಥವಾಗಬೇಕಾದರೆ ಮೊದಲು ಆ ಜನ ಯಾರು ಅಂತ ತಿಳಿಯಬೇಕು.

1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಕೆಲವು ಕ್ರೈಸ್ತರು ಒಂದು ತಕರಾರು ತೆಗೆದರು. ಏನೂ ತಿಳಿಯದ ಕೂಸಿಗೆ ದೀಕ್ಷಾಸ್ನಾನ ಕೊಡುವುದರಲ್ಲಿ ಅರ್ಥವಿಲ್ಲ, ದೊಡ್ಡವರಾದ ಮೇಲೆ ತಾವೇ ಬಯಸಿ ಪಡೆಯಬೇಕು ಅಂದರು. ಇವರನ್ನು ಅನಾಬ್ಯಾಪ್ಟಿಸ್ಟರು ಎಂದು ಕರೆದರು. ಕ್ಯಾಥೋಲಿಕರೂ ಇವರನ್ನು ಬಿಡಲಿಲ್ಲ, ಉಳಿದ ಪ್ರೊಟೆಸ್ಟೆಂಟರೂ ಬಿಡಲಿಲ್ಲ. ನೀರಲ್ಲಿ ಮುಳುಗಿಸಿದರು, ಸುಟ್ಟರು. ಸೆರೆಮನೆಯಲ್ಲಿ ಆ ಜನ ಕಟ್ಟಿದ ಹಾಡುಗಳನ್ನು ಆಮಿಶರು ಇವತ್ತಿಗೂ ಭಾನುವಾರದ ಪ್ರಾರ್ಥನೆಯಲ್ಲಿ ಹಾಡುತ್ತಾರೆ. 1693ರಲ್ಲಿ ಇದೇ ಪಂಥದೊಳಗೆ ಒಡಕು ಬಂತು. ಯಾಕೋಬ್ ಅಮ್ಮಾನ್ ಎಂಬ ಹಿರಿಯ, ಸಭೆಯ (ಅಂದರೆ ತಮ್ಮ ಭಕ್ತರ ಕೂಟದ) ಮಾತು ಮೀರಿದವರನ್ನು ಇನ್ನೂ ಬಿಗಿಯಾಗಿ ದೂರ ಇಡಬೇಕು, ಅವರ ಜೊತೆ ಕೂತು ಊಟವನ್ನೂ ಮಾಡಬಾರದು ಎಂದು ಹಟ ಹಿಡಿದ. ಅವನ ಹಿಂದೆ ಹೋದವರೇ ಆಮಿಶರು. ಬಹಿಷ್ಕಾರ ಅನ್ನುವುದು ಈ ಸಮುದಾಯಕ್ಕೆ ಆಮೇಲೆ ಅಂಟಿಕೊಂಡ ಪದ್ಧತಿಯಲ್ಲ. ಅವರು ಬೇರೆಯಾಗಿದ್ದೇ ಅದರ ಜಗಳದಲ್ಲಿ.

18ನೇ ಶತಮಾನದಲ್ಲಿ ಇವರು ಪೆನ್ಸಿಲ್ವೇನಿಯಾಕ್ಕೆ ಬಂದು ಬೇಸಾಯ ಹಿಡಿದರು. ಯುರೋಪಿನಲ್ಲಿದ್ದ ಕಡೆಯ ಆಮಿಶ್ ಸಭೆ 1937ರಲ್ಲಿ ಬೇರೆ ಸಭೆಯಲ್ಲಿ ಸೇರಿಹೋಯಿತು. ಅಮೆರಿಕದಲ್ಲಿ ಮಾತ್ರ ಇವರು ಬೆಳೆಯುತ್ತಲೇ ಇದ್ದಾರೆ. 20ನೇ ಶತಮಾನದ ಆರಂಭದಲ್ಲಿ ಕೆಲವೇ ಸಾವಿರ ಇದ್ದವರು 2024ರ ಹೊತ್ತಿಗೆ ಸುಮಾರು 4 ಲಕ್ಷ ಆಗಿದ್ದಾರೆ. ಮನೆ ತುಂಬ ಮಕ್ಕಳು, ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಸಮುದಾಯದಲ್ಲೇ ಉಳಿಯುತ್ತಾರೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್, ಒಹಾಯೋದ ಹೋಮ್ಸ್ ಕೌಂಟಿ, ಇಂಡಿಯಾನಾದ ಉತ್ತರ ಭಾಗ, ಇವು ಮೂರು ದೊಡ್ಡ ನೆಲೆಗಳು. ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆಯ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನನ್ನು ನಯಾಗರ ತೋರಿಸಿ, ಹಾಗೇ ಲ್ಯಾಂಕಾಸ್ಟರ್‌ಗೂ ಕರೆದುಕೊಂಡು ಹೋಗುವುದುಂಟು. ಜೋಳದ ಹೊಲ, ಗೊಬ್ಬರದ ವಾಸನೆ, ಕುದುರೆ ಗಾಡಿ. ಅಷ್ಟು ದೂರದಿಂದ ಬಂದು ಇದನ್ನು ನೋಡಬೇಕಾ ಅಂತ ಅಪ್ಪಂದಿರಿಗೆ ಅನ್ನಿಸುವುದೂ ಉಂಟು.

ಆಮಿಶರ ಬದುಕಿನ ನಿಯಮಗಳಿಗೆ ಆರ್ಡ್‌ನುಂಗ್ ಎಂದು ಹೆಸರು. ಹೆಚ್ಚಿನ ಕಡೆ ಇದನ್ನು ಬರೆದಿಟ್ಟಿರುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಷ್ಟೇ. ಇಪ್ಪತ್ತು, ಮೂವತ್ತು, ನಲವತ್ತು ಮನೆ ಸೇರಿದರೆ ಒಂದು ಸಭೆ. ನಿಯಮಗಳು ಸಭೆಯಿಂದ ಸಭೆಗೆ ಬೇರೆ. ಇಂಡಿಯಾನಾದ ಹಲವು ಕಡೆ ಸೈಕಲ್ ಸರಿ. ಲ್ಯಾಂಕಾಸ್ಟರ್‌ನಲ್ಲಿ ಸೈಕಲ್ ಆಗದು, ಕಾಲಲ್ಲಿ ತಳ್ಳುವ ಸ್ಕೂಟರ್ ಆಗಬಹುದು. ಕಾರು ಇಟ್ಟುಕೊಳ್ಳಬಾರದು, ಬಾಡಿಗೆ ಕೊಟ್ಟು ಬೇರೆಯವರ ಕಾರಿನಲ್ಲಿ ಹೋಗಬಹುದು. ಮನೆಯೊಳಗೆ ಫೋನು ಬೇಡ, ಹೊಲದ ಅಂಚಿನಲ್ಲಿ ಒಂದು ಗೂಡು ಕಟ್ಟಿ ಅಲ್ಲಿಡಬಹುದು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಒಳಗಿನ ತರ್ಕ ಸರಳ. ಈ ವಸ್ತು ಬಂದರೆ ಮನೆಯವರು, ನೆರೆಯವರು ಒಬ್ಬರಿಗೊಬ್ಬರು ಹತ್ತಿರ ಇರುತ್ತಾರಾ, ದೂರ ಆಗುತ್ತಾರಾ? ಅಡುಗೆಮನೆಯಲ್ಲಿ ಫೋನು ರಿಂಗಾದರೆ ಎದುರಿಗೆ ಕೂತವರ ಮಾತು ನಿಲ್ಲುತ್ತದೆ. ಹೊಲದ ಅಂಚಿನಲ್ಲಿ ರಿಂಗಾದರೆ ಊಟ ಮುಗಿಸಿ ಹೋಗಬಹುದು.

ಕಾದಂಬರಿಕಾರರಿಗೆ ಇದರಲ್ಲಿ ಸಿಗುವುದೇನು ನೋಡಿ. ಆಮಿಶ್ ಹುಡುಗ ಹುಡುಗಿಯರಿಗೆ ಹದಿನಾರು ತುಂಬಿದ ಮೇಲೆ ಸ್ವಲ್ಪ ಸಡಿಲ ಸಿಗುತ್ತದೆ. ಆ ಕಾಲಕ್ಕೆ ರುಮ್‌ಸ್ಪ್ರಿಂಗಾ ಎನ್ನುತ್ತಾರೆ. ಅವರು ಇನ್ನೂ ದೀಕ್ಷಾಸ್ನಾನ ಪಡೆದಿರುವುದಿಲ್ಲ, ಹಾಗಾಗಿ ಸಭೆಯ ನಿಯಮ ಪೂರ್ತಿಯಾಗಿ ತಗಲುವುದಿಲ್ಲ. ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ಹೆಚ್ಚಿನವರು ಮಂಡಿಯೂರಿ ಮಾತು ಕೊಡುತ್ತಾರೆ. ಆ ಮಾತು ಜೀವನಪೂರ್ತಿಗೆ. ಅದಕ್ಕೆ ಮೊದಲು ಬಿಟ್ಟು ಹೋದರೆ ಅಪ್ಪ ಅಮ್ಮನಿಗೆ ಸಂಕಟ ಆಗುತ್ತದೆ, ಆದರೆ ಬಹಿಷ್ಕಾರ ಇಲ್ಲ. ಮಾತು ಕೊಟ್ಟ ಮೇಲೆ ಹೋದರೆ ಬಹಿಷ್ಕಾರ. ಹೆತ್ತ ತಾಯಿಯ ಮನೆಯಲ್ಲೂ ಬೇರೆ ಮೇಜಿನಲ್ಲಿ ತಟ್ಟೆ. ಜೊತೆಗೆ, ದೀಕ್ಷಾಸ್ನಾನ ಆಗದೆ ಆಮಿಶ್ ಮದುವೆಯೂ ಆಗುವುದಿಲ್ಲ. ಅಂದರೆ ಪ್ರೀತಿ, ದೇವರು, ಮನೆ, ಊರು, ನಾಲ್ಕರ ತೀರ್ಮಾನವೂ ಒಂದೇ ನಾಲ್ಕೈದು ವರ್ಷದಲ್ಲಿ ಬಂದು ನಿಲ್ಲುತ್ತದೆ. ಇಂಥ ಸಂದರ್ಭವನ್ನು ಕಲ್ಪಿಸಿ ಕಟ್ಟಬೇಕಾದರೆ ಕಾದಂಬರಿಕಾರರು ಎಷ್ಟು ಹೆಣಗಬೇಕು! ಇಲ್ಲಿ ಸಿದ್ಧವಾಗಿಯೇ ಸಿಗುತ್ತದೆ.

ಈ ಕಾಲದ ಅಮೆರಿಕದ ನಗರದ ಪ್ರೇಮಕತೆಗೆ ಈ ಭಾಗ್ಯ ಇಲ್ಲ. ಹುಡುಗನಿಗೆ ಹುಡುಗಿ ಇಷ್ಟ, ಹುಡುಗಿಗೆ ಹುಡುಗ ಇಷ್ಟ. ತಡೆಯುವವರು ಯಾರು? ಲೇಖಕರು ಏನಾದರೂ ತಪ್ಪು ತಿಳುವಳಿಕೆ ಹುಟ್ಟಿಸಬೇಕು, ಇಲ್ಲ ಒಬ್ಬರನ್ನು ಬೇರೆ ಊರಿಗೆ ಕೆಲಸಕ್ಕೆ ಕಳಿಸಬೇಕು. ಇನ್ನೂರು ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿಯಲ್ಲಿ ಒಂದು ನೃತ್ಯಕ್ಕೆ ಕರೆದರೂ ಊರಿಡೀ ಮಾತಾಗುತ್ತಿತ್ತು. ಜಾತಿ, ಜಾತಕ, ಮನೆತನ ಅಡ್ಡ ಬರುವ ಕತೆ ಓದಿ ಬೆಳೆದ ನಮಗೂ ಅದರ ರುಚಿ ಗೊತ್ತು. ಬೇಲಿ ಇದ್ದರೆ ತಾನೇ ಹಾರುವ ಮಾತು?

ಆಮಿಶ್ ಕತೆಯಲ್ಲಿ ಸಣ್ಣದಕ್ಕೂ ತೂಕ ಇದೆ. ಭಾನುವಾರ ಸಂಜೆ ಹುಡುಗ ಹುಡುಗಿಯರು ಸೇರಿ ಭಕ್ತಿಗೀತೆ ಹಾಡುತ್ತಾರೆ. ಮುಗಿದ ಮೇಲೆ ಹುಡುಗ ತನ್ನ ಗಾಡಿಯಲ್ಲಿ ಮನೆಗೆ ಬಿಡಲಾ ಎಂದು ಕೇಳುತ್ತಾನೆ. ಅಷ್ಟೇ. ಆದರೆ ಓದುಗರಿಗೆ ಗೊತ್ತು, ಅದು ಹೆಚ್ಚುಕಮ್ಮಿ ಮನಸ್ಸು ಬಿಚ್ಚಿದ ಹಾಗೆ. ಲ್ಯಾಂಕಾಸ್ಟರ್‌ನಲ್ಲಿ ಮದುವೆಗಳು ಹೆಚ್ಚಾಗಿ ಸುಗ್ಗಿ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಮಂಗಳವಾರ ಇಲ್ಲವೇ ಗುರುವಾರ ನಡೆಯುತ್ತವೆ. ಸಭೆಯಲ್ಲಿ ಸಾರುವವರೆಗೂ ಜೋಡಿ ಯಾವುದು ಎಂಬುದು ಗುಟ್ಟು. ಆದರೆ ಮದುವೆ ಊಟಕ್ಕೆ ಸೆಲರಿ ದಂಟು ರಾಶಿಗಟ್ಟಲೆ ಬೇಕು. ಹಾಗಾಗಿ ಯಾರ ಮನೆ ಹಿತ್ತಲಲ್ಲಿ ಈ ಸಲ ಸೆಲರಿ ಜಾಸ್ತಿ ಹಾಕಿದ್ದಾರೆ ಅಂತ ಅಕ್ಕಪಕ್ಕದವರು ಕಣ್ಣಿಡುತ್ತಾರೆ. ತರಕಾರಿ ಪಾತಿಯೇ ಗುಟ್ಟು ಬಿಟ್ಟುಕೊಡುವ ಊರು! ಹತ್ತು ಕಾದಂಬರಿ ಓದಿದ ಹೆಂಗಸು ಸೆಲರಿ ಅಂದ ಕೂಡಲೇ ಮುಂದಿನದನ್ನು ಊಹಿಸಿ ನಗುತ್ತಾಳೆ. ಈ ಬಗೆಯ ಒಳಗುಟ್ಟು ತಿಳಿದುಕೊಂಡ ಖುಷಿ ಪಕ್ಕಾ ಓದುಗರಿಗೆ ಬಹಳ ದೊಡ್ಡದು. ನಡುನಡುವೆ ಬರುವ ಪೆನ್ಸಿಲ್ವೇನಿಯಾ ಡಚ್ (ಆಮಿಶರು ಮನೆಯಲ್ಲಿ ಆಡುವ ಜರ್ಮನ್ ಬಗೆಯ ನುಡಿ) ಮಾತು, ಹೊಲಿಗೆ, ಅಡುಗೆ, ಎಲ್ಲವೂ ಆ ಖುಷಿಗೆ ಸೇರುತ್ತವೆ.

ಈಗಿನ ಅಲೆಯ ಶುರು 1997ರಲ್ಲಿ. ಲ್ಯಾಂಕಾಸ್ಟರ್‌ನಲ್ಲೇ ಹುಟ್ಟಿದ ಬೆವರ್ಲಿ ಲೂಯಿಸ್ ಬರೆದ ‘ದಿ ಶನ್ನಿಂಗ್’ ಬಂತು. ಮದುವೆಯ ಹೊಸ್ತಿಲಲ್ಲಿರುವ ಆಮಿಶ್ ಹುಡುಗಿಗೆ ಅಟ್ಟದ ಮೇಲೆ ಸ್ಯಾಟಿನ್ ಬಟ್ಟೆಯ ಕೂಸಿನ ಅಂಗಿ ಸಿಗುತ್ತದೆ. ಸಾದಾ ಬಟ್ಟೆಯ ಮನೆಯಲ್ಲಿ ಸ್ಯಾಟಿನ್ ಎಲ್ಲಿಂದ ಬಂತು? ಅಲ್ಲಿಂದ ಕತೆ ಬಿಚ್ಚಿಕೊಂಡು, ಹೆಸರೇ ಹೇಳುವಂತೆ, ಬಹಿಷ್ಕಾರದವರೆಗೆ ಹೋಗುತ್ತದೆ. ಲೂಯಿಸ್ ಅವರ ಅಜ್ಜಿಯೇ ಹಳೆಯ ಪದ್ಧತಿಯ ಮೆನೊನೈಟ್ (ಅನಾಬ್ಯಾಪ್ಟಿಸ್ಟರದೇ ಇನ್ನೊಂದು ಕವಲು) ಸಮುದಾಯ ಬಿಟ್ಟು ಹೊರಬಂದವರು. ಆ ನೋವಿನ ಎಳೆ ಪುಸ್ತಕದಲ್ಲಿದೆ. ಪ್ರಕಾಶಕರು ಬೆಥನಿ ಹೌಸ್, ಕ್ರೈಸ್ತ ಪುಸ್ತಕಗಳನ್ನು ತರುವವರು. ಇದರ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು.

ಇದಕ್ಕೆ ಮೊದಲು ಆಮಿಶರ ಕತೆ ಇರಲಿಲ್ಲ ಅಂತಲ್ಲ. 1905ರಲ್ಲೇ ಹೆಲೆನ್ ಮಾರ್ಟಿನ್ ಎಂಬವರು ಬರೆದಿದ್ದರು. ಆದರೆ ಅವರ ಕತೆಗಳಲ್ಲಿ ಪೆನ್ಸಿಲ್ವೇನಿಯಾದ ಈ ಜನ ಒರಟರು, ಜಿಪುಣರು. ಅಂಥ ಚಿತ್ರಣ ಸಹಿಸಲಾಗದೆ, ಆಮಿಶ್ ಮನೆಯಲ್ಲಿ ಹುಟ್ಟಿದ ಜೋಸೆಫ್ ಯೋಡರ್ 1940ರಲ್ಲಿ ತಮ್ಮ ತಾಯಿಯ ಕತೆಯನ್ನೇ ಪುಸ್ತಕ ಮಾಡಿದರು. ಒಂದು ಕಾಲಕ್ಕೆ ನಗೆಪಾಟಲಾಗಿದ್ದ ಜನ ಈಗ ಮಾದರಿ ಆಗಿದ್ದಾರೆ. ಆಮಿಶರು ಅಷ್ಟೇನೂ ಬದಲಾಗಲಿಲ್ಲ. ನೋಡುವ ಅಮೆರಿಕ ಬದಲಾಯಿತು.

ಎಷ್ಟು ಬದಲಾಯಿತು ಅನ್ನುವುದಕ್ಕೆ ಲೆಕ್ಕ ಇದೆ. ಮೆನೊನೈಟ್ ಹಿನ್ನೆಲೆಯ ವ್ಯಾಲರಿ ವೀವರ್-ಜರ್ಚರ್ ಈ ಕಾದಂಬರಿಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ, 2013ರಲ್ಲಿ. ಅವರ ಎಣಿಕೆ ಪ್ರಕಾರ 2002ರಲ್ಲಿ ಬಂದ ಹೊಸ ಆಮಿಶ್ ಪ್ರೇಮಕಾದಂಬರಿಗಳು ಬರೀ 2. 2012ರಲ್ಲಿ 85. ನಾಲ್ಕು ದಿನಕ್ಕೊಂದು! ಅವರು ಎರಡು ಕಾರಣ ಕೊಡುತ್ತಾರೆ. ಒಂದು, ಮೈಮೇಲೆ ಬರುವಷ್ಟು ವೇಗದ ಆಧುನಿಕ ಬದುಕು. ಎರಡು, ಎಲ್ಲಿ ನೋಡಿದರೂ ಕಾಮವನ್ನೇ ಮುಂದಿಡುವ ಜನಪ್ರಿಯ ಸಂಸ್ಕೃತಿ. ಸ್ಮಾರ್ಟ್‌ಫೋನು ಎಲ್ಲರ ಕೈಗೆ ಬಂದಿದ್ದು, 2008ರ ಹಣಕಾಸಿನ ಕುಸಿತದಲ್ಲಿ ಲಕ್ಷಾಂತರ ಜನ ಕೆಲಸ, ಮನೆ ಕಳೆದುಕೊಂಡಿದ್ದು, ಈ ಪುಸ್ತಕಗಳು ನುಗ್ಗಿ ಬಂದಿದ್ದು, ಎಲ್ಲವೂ ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ. ಮನೆ ಸುಟ್ಟರೆ ಊರೇ ಸೇರಿ ಕಟ್ಟಿಕೊಡುವ ಜನರ ಕತೆ ಆಗ ಹಿತವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಎರಡನೆಯ ಕಾರಣವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ಪುಸ್ತಕಗಳಲ್ಲಿ ಮಲಗುವ ಕೋಣೆಯ ಬಾಗಿಲು ತೆರೆಯುವುದಿಲ್ಲ, ಕೆಟ್ಟ ಬೈಗುಳ ಇಲ್ಲ. ಹನ್ನೆರಡರ ಮೊಮ್ಮಗಳ ಕೈಗೂ, ಎಂಬತ್ತರ ಅತ್ತೆಯ ಕೈಗೂ ಧೈರ್ಯವಾಗಿ ಕೊಡಬಹುದು. ಓದುಗರು ಇದನ್ನು ‘ಕ್ಲೀನ್’ ಪುಸ್ತಕ ಅನ್ನುತ್ತಾರೆ. ಹಾಗಂತ ಇವು ಸಪ್ಪೆ ಅಂತಲ್ಲ. ಕೈ ಸೋಕಿದ್ದಕ್ಕೇ ಅಧ್ಯಾಯ ಮುಗಿಯುವ ಕತೆಯಲ್ಲಿ ಬಯಕೆ ಕಮ್ಮಿ ಇರುವುದಿಲ್ಲ. ಅದು ತಡೆದು ನಿಂತಿರುತ್ತದೆ, ಆದ್ದರಿಂದಲೇ ಜಾಸ್ತಿ ಕಾಣುತ್ತದೆ.

ಪ್ರೇಮಕಾದಂಬರಿ ಓದುವ ಹೆಂಗಸರ ಬಗ್ಗೆ ಜಾನಿಸ್ ರಾಡ್ವೇ 1984ರಲ್ಲಿ ಒಂದು ಹೆಸರಾಂತ ಅಧ್ಯಯನ ಪ್ರಕಟಿಸಿದರು. ಆ ಹೆಂಗಸರಿಗೆ ಕತೆಯಷ್ಟೇ ಮುಖ್ಯವಾಗಿದ್ದು ಓದುವ ಹೊತ್ತು. ಗಂಡ, ಮಕ್ಕಳು, ಅಡುಗೆ, ಎಲ್ಲರಿಗೂ ಎಲ್ಲವನ್ನೂ ಮಾಡಿದ ಮೇಲೆ, ಪುಸ್ತಕ ಹಿಡಿದು ಕೂತರೆ ಅದು ನನ್ನ ಸಮಯ, ಕರೆಯಬೇಡಿ ಅಂತ ಹೇಳಿದ ಹಾಗೆ. ಆಮಿಶ್ ಕಾದಂಬರಿಗೂ ಈ ಮಾತು ಸಲ್ಲುತ್ತದೆ, ಇನ್ನೊಂದು ತಿರುವಿನ ಜೊತೆ. ಈ ಕತೆಗಳಲ್ಲಿ ಹೆಂಗಸರ ಮನೆಗೆಲಸಕ್ಕೆ ಬೆಲೆ ಇದೆ. ಬ್ರೆಡ್ ಬೇಯಿಸುವುದು, ಕೌದಿ ಹೊಲಿಯುವುದು, ಹಣ್ಣು ತರಕಾರಿ ಬಾಟಲಿಯಲ್ಲಿ ಕಾಯ್ದಿಡುವುದು ಪುಟಗಟ್ಟಲೆ ಬರುತ್ತದೆ. ಹತ್ತು ಹೆಂಗಸರು ಸುತ್ತ ಕೂತು ಒಂದೇ ಕೌದಿಗೆ ಹೊಲಿಗೆ ಹಾಕುತ್ತಾ ಊರಿನ ಸುದ್ದಿ ಆಡುತ್ತಾರೆ. ಉಪನಗರದ ಮನೆಯಲ್ಲಿ ಒಂಟಿಯಾಗಿ ಬಟ್ಟೆ ಮಡಚುವ ಓದುಗಳಿಗೆ ಕುದುರೆ ಗಾಡಿ ಬೇಕಾಗಿಲ್ಲ. ಆ ಹತ್ತು ಮಂದಿ ಬೇಕು.

2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್‌ನ ಆಮಿಶ್ ಶಾಲೆಗೆ ಒಬ್ಬ ಬಂದೂಕುಧಾರಿ ನುಗ್ಗಿದ. ಹತ್ತು ಹುಡುಗಿಯರಿಗೆ ಗುಂಡು ಹೊಡೆದ, ಐವರು ಸತ್ತರು. ಅವನೂ ಸತ್ತ. ಅದೇ ದಿನ ಆಮಿಶ್ ಜನ ಅವನ ಹೆಂಡತಿಯ ಕಡೆಯವರನ್ನು ಕಂಡು, ನಿಮ್ಮ ಮೇಲೆ ಸಿಟ್ಟಿಲ್ಲ ಅಂದರು. ಅವನ ಶವಸಂಸ್ಕಾರಕ್ಕೂ ಹೋದರು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಬರೆದವು. ಆ ಬಳಿಕ ಆಮಿಶ್ ಅಂದರೆ ಗಾಡಿ, ಟೋಪಿ ಅಷ್ಟೇ ಅಲ್ಲ, ಕ್ಷಮೆ ಅನ್ನುವುದೂ ಅಮೆರಿಕದ ಮನಸ್ಸಿನಲ್ಲಿ ಕೂತಿತು. ಕಾದಂಬರಿಗಳಲ್ಲೂ ಕ್ಷಮೆ ಮತ್ತೆ ಮತ್ತೆ ಬರುತ್ತದೆ.

ಇಷ್ಟಾದರೂ ಈ ಪುಸ್ತಕಗಳಲ್ಲಿರುವುದು ನಿಜವಾದ ಆಮಿಶರ ಧರ್ಮವಾ? ಪೂರ್ತಿ ಅಲ್ಲ. ಇವ್ಯಾಂಜೆಲಿಕಲ್ ಕ್ರೈಸ್ತರಿಗೆ ಯೇಸುವಿನೊಡನೆ ತನ್ನದೇ ಆದ ಸಂಬಂಧ, ನಾನು ರಕ್ಷಣೆ ಹೊಂದಿದ್ದೇನೆ ಎಂಬ ಖಾತ್ರಿ ಮುಖ್ಯ. ಹಳೆಯ ಪದ್ಧತಿಯ ಆಮಿಶರಿಗೆ ಹಾಗೆ ಖಾತ್ರಿಯಾಗಿ ಹೇಳುವುದೇ ಅಹಂಕಾರ. ಅವರು ಆಸೆ ಇಟ್ಟುಕೊಂಡಿದ್ದೇವೆ ಅನ್ನುತ್ತಾರೆ, ಅಷ್ಟೇ. ತಗ್ಗಿ ನಡೆಯುವುದು, ಸಭೆಗೆ ಬಾಗುವುದು ಅವರ ಭಕ್ತಿ. ಆದರೆ ಎಷ್ಟೋ ಕಾದಂಬರಿಗಳ ನಾಯಕಿ ಗುಟ್ಟಾಗಿ ಬೈಬಲ್ ಓದಿ, ತಾನಾಗಿ ದೇವರನ್ನು ಕಂಡುಕೊಂಡು, ಬಿಷಪ್ಪನ ಬಿಗಿಯನ್ನು ಪ್ರಶ್ನಿಸುತ್ತಾಳೆ. ಮೈಮೇಲೆ ಆಮಿಶ್ ಬಟ್ಟೆ, ಎದೆಯಲ್ಲಿ ಓದುಗಳ ಚರ್ಚು. ಇದು ಮೋಸ ಅಂತ ಕೆಲವರು ಸಿಡುಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಜನಪ್ರಿಯ ಕಾದಂಬರಿ ಓದುಗರ ನಂಬಿಕೆಯನ್ನು ಬಿಟ್ಟು ಬಾಳಿದೆ? ಆದರೆ ಇದರಿಂದ ಆಮಿಶರನ್ನು ತಿಳಿದೆ ಅಂದುಕೊಂಡರೆ ಮಾತ್ರ ಎಡವಟ್ಟು.

ಬಿಟ್ಟುಹೋಗುವ ಸಂಗತಿಗಳೂ ಇವೆ. ಇಂಡಿಯಾನಾದ ಆಮಿಶ್ ಗಂಡಸರಲ್ಲಿ ಬಹಳ ಮಂದಿ ಹೊಲದಲ್ಲಿಲ್ಲ, ಪ್ರವಾಸಕ್ಕೆ ಹೋಗುವ ಮನೆಯಂಥ ಗಾಡಿಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದಾರೆ. ಮುಖಪುಟದ ಮೇಲೆ ಕಾರ್ಖಾನೆ ಚಂದ ಕಾಣದು. 2011ರಲ್ಲಿ ಒಹಾಯೋದ ಬರ್ಗ್‌ಹೋಲ್ಜ್‌ನ ಒಂದು ಗುಂಪು, ಭಿನ್ನಾಭಿಪ್ರಾಯವಿದ್ದ ಇತರ ಆಮಿಶರ ಮನೆಗೆ ನುಗ್ಗಿ ಗಡ್ಡ, ಕೂದಲು ಕತ್ತರಿಸಿತು. ಹದಿನಾರು ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಮನೆಯೊಳಗಿನ ದೌರ್ಜನ್ಯವನ್ನು ಪೊಲೀಸರಿಗೆ ಹೇಳದೆ ಸಭೆಯೊಳಗೇ ಕ್ಷಮೆ ಕೇಳಿಸಿ ಮುಚ್ಚಿಹಾಕಿದ ದೂರುಗಳೂ ಹೊರಬಂದಿವೆ. ಕಾದಂಬರಿಯಲ್ಲಿ ಹಿತ ಕೊಡುವ ಕ್ಷಮೆ, ನಿಜದಲ್ಲಿ ಹೆಣ್ಣುಮಕ್ಕಳ ಬಾಯಿ ಕಟ್ಟುವ ಹಗ್ಗವೂ ಆಗಬಹುದು. ನಾಯಕಿಗೆ ಬಹಿಷ್ಕಾರ ಹಾಕುವ ಮಟ್ಟಿಗೆ ಕಟುವಾಗುವ ಈ ಪುಸ್ತಕಗಳು ಸಾಮಾನ್ಯವಾಗಿ ಇದಕ್ಕಿಂತ ಆಳಕ್ಕೆ ಹೋಗುವುದಿಲ್ಲ.

ಆಮಿಶರು ಇವನ್ನು ಓದುತ್ತಾರಾ? ಕೆಲವರು ಓದುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಮುಖಪುಟದ ಟೋಪಿ ನಮ್ಮ ಕಡೆಯದ್ದಲ್ಲ, ಈ ಮಾತು ಹೀಗೆ ಆಡುವುದಿಲ್ಲ ಅಂತ ತಪ್ಪು ಹಿಡಿಯುವುದೂ ಒಂದು ಆಟ. ಅವರದೇ ಓದಿನ ಲೋಕ ಬೇರೆ ಇದೆ. ಒಹಾಯೋದ ಶುಗರ್‌ಕ್ರೀಕ್‌ನಿಂದ 1890ರಿಂದ ಬರುತ್ತಿರುವ ‘ದಿ ಬಜೆಟ್’ ಪತ್ರಿಕೆಯ ತುಂಬ ಊರೂರಿನ ಕಾಗದಗಳು: ಮಳೆ ಬಂತು, ಯಾರಿಗೆ ಮಗು ಆಯಿತು, ಯಾರು ಕಾಲು ಮುರಿದುಕೊಂಡರು. ಲಿಂಡಾ ಬೈಲರ್ ಎಂಬವರು ಆಮಿಶ್ ಸಭೆಯಲ್ಲೇ ಇದ್ದುಕೊಂಡು ಕಾದಂಬರಿ ಬರೆಯುತ್ತಾರೆ. ಇಂಥವರು ಬಹಳ ಕಮ್ಮಿ.

ಓದಿ ನೋಡುವ ಮನಸ್ಸಿದ್ದರೆ ಇಬ್ಬರನ್ನೂ ಜೊತೆಯಾಗಿ ಇಟ್ಟುಕೊಳ್ಳಿ. ಮೊದಲು ಬೆವರ್ಲಿ ಲೂಯಿಸ್ ಅವರ 1997ರ ಪುಸ್ತಕ. ಈ ಬಗೆಯ ಕತೆಯ ಕೀಲಿಗಳೆಲ್ಲ ಅದರಲ್ಲಿವೆ. ಆಮೇಲೆ ಬೈಲರ್ ಅವರ ಯಾವುದಾದರೂ ಒಂದು. ಒಬ್ಬರು ಹೊರಗಿಂದ ಬರೆದಿದ್ದು, ಒಬ್ಬರು ಒಳಗಿಂದ. ಕಟ್ಟುಪಾಡು ಎಲ್ಲಿ ಕತೆಯ ತಿರುವಾಗಿ ಬರುತ್ತದೆ, ಎಲ್ಲಿ ದಿನದ ಕೆಲಸದ ನಡುವೆ ಯಾರ ಗಮನಕ್ಕೂ ಬಾರದೆ ಇರುತ್ತದೆ ಅನ್ನುವುದನ್ನು ನೋಡುತ್ತಾ ಹೋಗಿ.